ಕದ್ರಿಯ ಲೋಕೇಶ್ವರ

ಮೂಡಿಗೆರೆಯಿಂದ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋದರೆ ಕದ್ರಿ ಮಂಜುನಾಥನಿಗೆ ಕೈಮುಗಿದೇ ಮರಳುವುದು ನಮ್ಮ ಮನೆಯ ರೂಢಿ. ಅಲ್ಲಿನ ಕಂಚಿನ ಲೋಕೇಶ್ವರ ಬೌದ್ಧರ ಕರುಣಾಮೂರ್ತಿಯೆಂದು ತಿಳಿದಾಗ ಬೆರಗಾದೆ. ಕ್ರಿ.ಶ. 968ರಲ್ಲಿ ಅದನ್ನು ಕದರಿಕಾ ವಿಹಾರದಲ್ಲಿ ಸ್ಥಾಪಿಸಿದ ಆಳುಪ ದೊರೆ ಕುಂದವರ್ಮ ಶಿವಭಕ್ತ!

ಬುದ್ಧನ ನಾಲ್ಕು ಸತ್ಯಗಳನ್ನು ವರ್ಷವರ್ಷವೂ ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳು ನಾನು: ದುಃಖವಿದೆ, ಅದಕ್ಕೆ ಆಸೆ ಕಾರಣ, ಆಸೆ ಅಳಿದರೆ ದುಃಖವೂ ಅಳಿಯುತ್ತದೆ, ಅದಕ್ಕೆ ಅಷ್ಟಾಂಗಮಾರ್ಗವೇ ದಾರಿ. ನಮ್ಮವರು ತೀರಿಕೊಂಡಾಗ ಅದು ಬರೀ ಪಾಠವೆನಿಸಿತು.

ಆಗ ಕಿಸಾಗೋತಮಿ ನೆನಪಾದಳು. ಸತ್ತ ಮಗುವನ್ನು ಎತ್ತಿಕೊಂಡು ಬಂದವಳಿಗೆ ಬುದ್ಧ ಉಪದೇಶಿಸಲಿಲ್ಲ. ಸಾವಿಲ್ಲದ ಮನೆಯಿಂದ ಸಾಸಿವೆ ತಾ ಎಂದ. ಅವಳು ಮನೆಮನೆ ಅಲೆದಳು. ನನ್ನ ಜಗಲಿಗೆ ಬಂದ ಹೆಂಗಸರೂ ತಮ್ಮ ಮನೆಯ ಸಾವುಗಳನ್ನೇ ಹೇಳಿಕೊಂಡು ಕೂತಿದ್ದರು. ಮೊದಲ ಸತ್ಯವನ್ನು ನಾನು ಕಲಿತದ್ದು ಅಂದು.