ಹಾಡು ದುಡಿದದ್ದರಲ್ಲಿ ಬರೆದವರ ಪಾಲೆಷ್ಟು?

ಹೋದ ನವೆಂಬರ್‌ನಲ್ಲಿ ಇಲ್ಲಿ ಪುಣೆಯ ನಮ್ಮ ಕನ್ನಡ ಬಳಗದ ರಾಜ್ಯೋತ್ಸವಕ್ಕೆ ಹಾಲ್ ಬುಕ್ ಮಾಡೋಕೆ ಹೋದಾಗ ಮ್ಯಾನೇಜರ್ ಕೇಳಿದ ಮೊದಲ ಪ್ರಶ್ನೆ: "ಮ್ಯೂಸಿಕ್ ಲೈಸೆನ್ಸ್ ಇದೆಯಾ?" ನಾವು ಹಾಡಬೇಕು ಅಂದುಕೊಂಡಿದ್ದು ಹಳೇ ಚಿತ್ರಗೀತೆಗಳು, ಅರ್ಧಕ್ಕರ್ಧ ಚಿ. ಉದಯಶಂಕರ್ ಅವರದ್ದು. ಅವರು ತೀರಿಕೊಂಡಿದ್ದು 1993ರಲ್ಲಿ. ಹಾಗಾದ್ರೆ ನಾವು ಕಟ್ಟೋ ದುಡ್ಡು ಯಾರಿಗೆ?

ಒಂದು ಹಾಡಿನಲ್ಲಿ ಹಕ್ಕು ಒಂದೇ ಅಲ್ಲ. ಸಾಹಿತ್ಯದ್ದು ಒಂದು, ರಾಗಸಂಯೋಜನೆಯದ್ದು ಒಂದು, ರೆಕಾರ್ಡಿಂಗ್‌ದು ಇನ್ನೊಂದು. ಪಬ್ಲಿಷಿಂಗ್ ಅನ್ನೋ ವ್ಯಾಪಾರ ನಡೆಯೋದು ಮೊದಲೆರಡರ ಮೇಲೆ. ರೇಡಿಯೊ, ಹೋಟೆಲ್, ವೇದಿಕೆ, ಎಲ್ಲಿ ಹಾಡು ಕೇಳಿಸಿದರೂ ಶುಲ್ಕ. ಕವಿಯೊಬ್ಬ ಊರೂರು ಅಲೆದು ಅದನ್ನ ವಸೂಲಿ ಮಾಡೋಕಾಗುತ್ತಾ? ಅದಕ್ಕೇ 1969ರಲ್ಲಿ ಮುಂಬೈಯಲ್ಲಿ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ, ಅಂದ್ರೆ ಐಪಿಆರ್‌ಎಸ್, ಹುಟ್ಟಿದ್ದು.

ಅದು ದರಪಟ್ಟಿ ಹೊರಡಿಸಿದ್ದೇ ತಡ, ನಿರ್ಮಾಪಕರು ತಕರಾರು ತೆಗೆದರು: ದುಡ್ಡು ಕೊಟ್ಟು ಬರೆಸಿದವರು ನಾವು, ಹಾಡೂ ನಮ್ಮದೇ. 1973ರಲ್ಲಿ ಕಾಪಿರೈಟ್ ಬೋರ್ಡ್ ಸೊಸೈಟಿ ಪರ ನಿಂತಿತು. ಮರುವರ್ಷ ಕಲ್ಕತ್ತಾ ಹೈಕೋರ್ಟ್ ಅದನ್ನ ತಿರುಗಿಸಿತು. 1977ರ ಮಾರ್ಚ್ 14ರಂದು ಸುಪ್ರೀಂ ಕೋರ್ಟೂ ನಿರ್ಮಾಪಕರ ಕಡೆಗೇ. ಆಧಾರ, 1957ರ ಕಾಯ್ದೆಯ ಸೆಕ್ಷನ್ 17. ಬೇರೆ ಒಪ್ಪಂದ ಇಲ್ಲದಿದ್ದರೆ ಮಾಡಿಸಿದವನೇ ಮೊದಲ ಮಾಲೀಕ. ನಮಗಿದು ಹೊಸದಲ್ಲ ಬಿಡಿ, ನಾವು ಬರೆಯೋ ಕೋಡ್ ಕಂಪನಿಯದ್ದಾಗೋದೂ ಇದೇ ಸೆಕ್ಷನ್‌ನಿಂದ. ಆದ್ರೆ ನಮಗೆ ತಿಂಗಳು ತಿಂಗಳು ಸಂಬಳ ಇದೆ, ಪಿಎಫ್ ಇದೆ. ಕವಿಗೆ ಒಂದೇ ಸಲದ ಸಂಭಾವನೆ. ಹಾಡು ಮಾತ್ರ ಐವತ್ತು ವರ್ಷ ದುಡೀತಾನೇ ಇರುತ್ತೆ.

ಇದು ಬದಲಾಗೋಕೆ 35 ವರ್ಷ ಹಿಡೀತು. ಜಾವೇದ್ ಅಖ್ತರ್ ರಾಜ್ಯಸಭೆಗೆ ಹೋಗಿ ಇದಕ್ಕಾಗಿ ವಾದಿಸಿದರು. 2012ರ ಮೇ ತಿಂಗಳಲ್ಲಿ ಎರಡೂ ಸದನ ತಿದ್ದುಪಡಿಗೆ ಒಪ್ಪಿದವು, ಜೂನ್ 21ರಿಂದ ಜಾರಿ. ಥಿಯೇಟರಿನಲ್ಲಿ ಸಿನಿಮಾ ತೋರಿಸೋದೊಂದು ಬಿಟ್ಟು ಬೇರೆ ಬಳಕೆಯ ರಾಯಲ್ಟಿಯಲ್ಲಿ ಬರೆದವರಿಗೆ, ರಾಗ ಹಾಕಿದವರಿಗೆ ಸಮಪಾಲು. ಬೇಡ ಅಂತ ಸಹಿ ಹಾಕಿಕೊಟ್ಟರೂ ಆ ಸಹಿ ಊರ್ಜಿತವಲ್ಲ! ನನಗೆ ಅತ್ಯಂತ ಇಷ್ಟವಾದ ಸಾಲು ಅದು. ಅವಕಾಶಕ್ಕಾಗಿ ಕಾಯ್ತಿರೋ ಹೊಸ ಕವಿ ಎಂಥ ಕಾಗದಕ್ಕೂ ಸಹಿ ಹಾಕ್ತಾನೆ ಅಂತ ಗೊತ್ತಿದ್ದವರು ಬರೆದದ್ದು.

ಹಳೇ ಹಾಡುಗಳಿಗೆ ಇದು ಎಷ್ಟು ಅನ್ವಯ ಅಂತ ವಕೀಲರು ಇನ್ನೂ ಜಗ್ಗಾಡ್ತಾರೆ. ಸಾಹಿತ್ಯದ ಹಕ್ಕಂತೂ ಬರೆದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತೆ; ಉದಯಶಂಕರ್ ಅವರದ್ದು 2053ರವರೆಗೆ.

ನಾವು ಲೈಸೆನ್ಸ್ ತಗೊಂಡ್ವಿ. ಹಾಡುವ ಹಾಡುಗಳ ಪಟ್ಟಿ ಕೊಡಬೇಕಿತ್ತು, ದುಡ್ಡು ಹಂಚೋದು ಇಂಥ ಪಟ್ಟಿ ನೋಡಿಯೇ. ಹಾಡಿದವರ ಹೆಸರು ಬಳಗದಲ್ಲಿ ಎಲ್ಲರಿಗೂ ಬಾಯಿಪಾಠ. ಬರೆದವರ ಕಾಲಂ ಮಾತ್ರ ಅರ್ಧ ಖಾಲಿ. ಅವತ್ತು ರಾತ್ರಿ ಹನ್ನೆರಡರ ತನಕ ಕೂತು ಆರ್.ಎನ್. ಜಯಗೋಪಾಲ್, ಹುಣಸೂರು ಕೃಷ್ಣಮೂರ್ತಿ ಅಂತ ಒಂದೊಂದೇ ಹೆಸರು ಹುಡುಕಿ ತುಂಬಿಸಿದೆ.