ಗಾಳಕ್ಕೆ ಸ್ಕೇಲು, ಬಲೆಗೆ ಕಣ್ಣು

ಇಂಗ್ಲೆಂಡಿನಲ್ಲಿ ಹವ್ಯಾಸಕ್ಕೆ ಅಂತ ಕಡಲಿಗೆ ಗಾಳ ಹಾಕುವವರೂ ಸ್ಕೇಲು ಇಟ್ಟುಕೊಂಡಿರಬೇಕು. ಸೀ ಬಾಸ್ ಅನ್ನೋ ಮೀನು 42 ಸೆಂಟಿಮೀಟರಿಗಿಂತ ಚಿಕ್ಕದಿದ್ದರೆ ವಾಪಸ್ ನೀರಿಗೆ ಬಿಡಬೇಕು. 2015ಕ್ಕೆ ಮುಂಚೆ ಈ ಮಿತಿ 36 ಇತ್ತು. ಅಲ್ಲಿ ಇದು ಹಳೇ ಪದ್ಧತಿ. ಮೊದಲನೇ ಎಲಿಜಬೆತ್ ಕಾಲದ 1558ರ ಕಾಯ್ದೆಯಲ್ಲೇ ಸಾಲ್ಮನ್ 16 ಇಂಚು, ಟ್ರೌಟ್ 8 ಇಂಚಾದರೂ ಇರಬೇಕು ಅಂತಿತ್ತು. ಜೊತೆಗೆ, ಬಲೆಯ ಕಣ್ಣು ಎರಡೂವರೆ ಇಂಚು ಅಗಲ ಇರಬೇಕು ಅಂತಲೂ ಇತ್ತು.

ಚಿಕ್ಕಜಾಲದಲ್ಲಿ ಕೂತವನಿಗೆ ಸಮುದ್ರದ ಮೀನಿನ ಅಳತೆ ಯಾಕಪ್ಪಾ ಅಂತೀರಾ? ನಮ್ಮಲ್ಲೂ ಇಂಥದ್ದು ಇತ್ತಾ ಅಂತ ಹುಡುಕುತ್ತಾ ಹೋದರೆ ಕಥೆ ಸೀದಾ ಮಂಗಳೂರಿಗೆ ಬಂದು ನಿಲ್ಲುತ್ತೆ, ಅದಕ್ಕೆ.

ಹೆನ್ರಿ ಸಲಿವನ್ ಥಾಮಸ್ ಅಂತ ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದವನೊಬ್ಬ. ಗಾಳದ ಹುಚ್ಚು ವಿಪರೀತ. ಅವನ 'ದ ರಾಡ್ ಇನ್ ಇಂಡಿಯಾ' ಪುಸ್ತಕ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಅದಕ್ಕೂ ಮುಂಚೆ, 1870ರಲ್ಲಿ, ದಕ್ಷಿಣ ಕನ್ನಡದ ಮೀನು ಸಾಕಣೆಯ ಬಗ್ಗೆ ಒಂದು ವರದಿ ಬರೆದಿದ್ದ. ಸಣ್ಣ ಕಣ್ಣಿನ ಬಲೆ, ಬುಟ್ಟಿ ಕೂಳಿ, ನೀರಿಗೆ ವಿಷ ಹಾಕುವುದು... ಇವುಗಳಿಂದ ಮರಿಗಳೆಲ್ಲ ನಾಶ ಆಗ್ತಿವೆ ಅನ್ನೋದು ಅವನ ತಕರಾರು.

ಕೊನೆಗೆ 1897ರಲ್ಲಿ ಭಾರತೀಯ ಮೀನುಗಾರಿಕೆ ಕಾಯ್ದೆ ಬಂತು. ಡೈನಮೈಟ್, ವಿಷ ಎರಡಕ್ಕೂ ನಿಷೇಧ. ಬಲೆ ಎಂಥದ್ದಿರಬೇಕು, ಅಳತೆ ಎಷ್ಟಿರಬೇಕು ಅಂತ ನಿಯಮ ಮಾಡೋ ಅಧಿಕಾರ ಸರ್ಕಾರಕ್ಕೆ. ಗಮನಿಸಿ, ಅಳೆಯೋದು ಬಲೆಯನ್ನ, ಮೀನನ್ನಲ್ಲ!

ಮರಿ ಮೀನಿನ ಮೇಲೇ ನಿರ್ಬಂಧ ಬಂದಿದ್ದು 1943ರಲ್ಲಿ. ಭೂತಾಯಿ ಮೀನು ತೀರಾ ಕಡಿಮೆಯಾದಾಗ ಮದ್ರಾಸ್ ಸರ್ಕಾರ ಅದರ ಮರಿಗಳನ್ನು ಹಿಡಿಯುವುದರ ಮೇಲೆ, ಕೆಲವು ಬಗೆಯ ಬಲೆಗಳ ಮೇಲೆ ಕಟ್ಟುಪಾಡು ಹಾಕಿತು. ಆಗ ದಕ್ಷಿಣ ಕನ್ನಡವೂ ಮದ್ರಾಸಿನಲ್ಲೇ ಇತ್ತು. ಕೆಲವೇ ವರ್ಷಗಳಲ್ಲಿ ಆ ಕಟ್ಟುಪಾಡು ಹೋಯಿತು.

ಆಮೇಲೆ ಕರ್ನಾಟಕ 1986ರಲ್ಲಿ ತನ್ನದೇ ಕಡಲ ಮೀನುಗಾರಿಕೆ ಕಾಯ್ದೆ ಮಾಡಿತು. ಮೀನಿನ ಉದ್ದವನ್ನೇ ಸೆಂಟಿಮೀಟರಿನಲ್ಲಿ ಬರೆದು ಜಾರಿಗೆ ತಂದ ಮೊದಲ ರಾಜ್ಯ ಮಾತ್ರ ಪಕ್ಕದ ಕೇರಳ. 2015ರಲ್ಲಿ 14 ಜಾತಿ, 2017ರಲ್ಲಿ ಇನ್ನೂ 44. ಭೂತಾಯಿಗೆ 10 ಸೆಂ.ಮೀ., ಬಂಗುಡೆಗೆ 14. ಆದರೆ ಭೂತಾಯಿ ಮೊಟ್ಟೆ ಇಡುವ ಹೊತ್ತಿಗೆ ಸುಮಾರು 15 ಸೆಂ.ಮೀ. ಆಗಿರುತ್ತೆ. ಅಂದರೆ ಕಾನೂನಿನ ಪ್ರಕಾರ ಹಿಡಿಯಬಹುದಾದ ಮೀನು ಇನ್ನೂ ಒಂದು ಸಲವೂ ಮೊಟ್ಟೆ ಇಟ್ಟಿರದೇ ಇರಬಹುದು. ಈ 10 ಅನ್ನೋದು ಮೀನಿಗೂ ಮೀನುಗಾರನ ಹೊಟ್ಟೆಗೂ ನಡುವಿನ ಒಂದು ರಾಜಿ ಅನ್ನಬಹುದು.

ನನಗೆ ಅನ್ನಿಸೋದು ಇಷ್ಟು. ಗಾಳಕ್ಕೆ ಮೀನು ಸಿಗೋದು ಒಂದೊಂದಾಗಿ, ಜೀವಂತವಾಗಿ. ಅಳೆದು ಬಿಟ್ಟರೆ ಅದು ಬದುಕುತ್ತೆ. ಟ್ರಾಲ್ ಬಲೆಯಿಂದ ದೋಣಿಗೆ ಸುರಿದ ಮೀನು ಬಹುಪಾಲು ಸತ್ತೇ ಇರುತ್ತೆ, ಅದಕ್ಕೆ ಸ್ಕೇಲು ಹಿಡಿದು ಏನು ಪ್ರಯೋಜನ? ಅಲ್ಲಿ ಬೇಕಿರೋದು ಬಲೆಯ ಕಣ್ಣಿನ ಅಳತೆ. ಇಂಗ್ಲೆಂಡಿನವರು 1558ರಲ್ಲೇ ಎರಡನ್ನೂ ಒಟ್ಟಿಗೆ ಬರೆದಿದ್ದರು.

ಇನ್ನೂ ಒಂದಿದೆ. ಮಂಗಳೂರು, ಉಡುಪಿ ಕಡೆಯ ಫಿಶ್ ಮೀಲ್ ಕಾರ್ಖಾನೆಗಳಿಗೆ ಮೀನು ಪುಡಿಯಾದರೆ ಸಾಕು, ಉದ್ದ ಎಷ್ಟಿದ್ದರೇನು? ಮರಿಗೂ ಬೆಲೆ ಸಿಗುತ್ತೆ ಅಂದಮೇಲೆ ಸಾಲ ಮಾಡಿ ಡೀಸೆಲ್ ಹಾಕಿಸಿದವನು ಅದನ್ನ ಯಾಕೆ ಬಿಡ್ತಾನೆ? ಹಿಡಿಯೋನನ್ನ ಮಾತ್ರ ಅಳೆದರೆ ಸಾಲದು, ಕೊಳ್ಳೋನನ್ನೂ ಅಳೀಬೇಕು. ನೀವೇನಂತೀರಾ?