ತಿಪ್ಪಣ್ಣ, ತಿರಕಪ್ಪ: ವಂಶಾವಳಿಯಲ್ಲಿ ಉಳಿದ ಹರಕೆಯ ಹೆಸರುಗಳು

ಉತ್ತರ ಕರ್ನಾಟಕದ ಒಕ್ಕಲು ಮನೆತನಗಳ ಪೂರ್ವಿಕರನ್ನು ಅರಸುವವರಿಗೆ ಸರ್ಕಾರಿ ದಾಖಲೆಗಳಿಗಿಂತಲೂ ಹಿಂದಕ್ಕೆ ಹೋಗಲು ನೆರವಾಗುವುದು ಹೆಳವರ ಹೊತ್ತಿಗೆ. ಕೆಲವು ವರ್ಷಗಳಿಗೊಮ್ಮೆ ಎತ್ತಿನೊಡನೆ ಊರಿಗೆ ಬಂದು, ಮನೆಯ ಮುಂದೆ ಕುಳಿತು, ಮೂಲಪುರುಷನಿಂದ ಮೊದಲ್ಗೊಂಡು ತಲೆಮಾರುಗಳನ್ನು ಹೊಗಳಿ ಹೇಳಿ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು, ಕಾಳು ಬಟ್ಟೆಗಳ ಕಾಣಿಕೆ ಪಡೆಯುವುದು ಈ ಸಮುದಾಯದ ಕುಲವೃತ್ತಿ. ಆ ಭಾಗದ ಹಳೆಯ ವಂಶಾವಳಿಗಳಲ್ಲಿ ಬಸಪ್ಪ, ಮಲ್ಲಪ್ಪರ ನಡುವೆ ತಿಪ್ಪಣ್ಣ, ತಿರಕಪ್ಪ, ಫಕೀರಪ್ಪ ಎಂಬ ಹೆಸರುಗಳು ಎದುರಾದಾಗ ಇಂದಿನ ಮೊಮ್ಮಕ್ಕಳು ಮುಜುಗರಪಡುವುದುಂಟು. ಆದರೆ ಅವು ತಾತ್ಸಾರದಿಂದ ಇಟ್ಟ ಹೆಸರುಗಳಲ್ಲ.

ಹುಟ್ಟಿದ ಮಕ್ಕಳು ಒಂದರ ಹಿಂದೊಂದು ತೀರಿಕೊಂಡ ಮನೆಯಲ್ಲಿ ಮುಂದಿನ ಕೂಸನ್ನು ಮೊರದಲ್ಲಿ ಮಲಗಿಸಿ ಕ್ಷಣಕಾಲ ತಿಪ್ಪೆಯ ಮೇಲಿಡುತ್ತಿದ್ದರು. ನೆರೆಮನೆಯ ಹೆಂಗಸು ಅದನ್ನು ಎತ್ತಿಕೊಂಡು ತಂದು, ಹೆತ್ತವಳಿಗೇ ಹಿಡಿ ತೌಡಿಗೋ ನುಚ್ಚಿಗೋ ಮಾರುತ್ತಿದ್ದಳು; ಹಾಗೆ ತಿಪ್ಪೆಯಿಂದ ಬಂದ ಕೂಸು ತಿಪ್ಪಣ್ಣನಾಗುತ್ತಿತ್ತು. ಯಾರಿಗೂ ಬೇಡವಾದ ಕೂಸೆಂದು ಬಗೆದು ಸಾವು ಅದನ್ನು ಬಿಟ್ಟುಹೋಗಲಿ ಎಂಬುದು ಇದರ ಹಿಂದಿನ ನಂಬಿಕೆ. ತಿರುಪೆ ಬೇಡಿ ಪಡೆದ ಮಗುವೆಂಬ ಭಾವದಿಂದ ತಿರಕಪ್ಪ ಎಂದು ಕರೆದದ್ದೂ ಇದೇ ಬಗೆಯದು. ತಮಿಳಿನ ಕುಪ್ಪುಸ್ವಾಮಿ, ತೆಲುಗಿನ ಪೆಂಟಯ್ಯ, ಮರಾಠಿಯ ದಗಡೂ ಈ ರೂಢಿಯ ನೆರೆಹೊರೆಯ ರೂಪಗಳು. ತಿಪ್ಪ ಎಂಬ ಹೆಸರು ಬಡವರಿಗಷ್ಟೇ ಸೀಮಿತವಾಗಿರಲಿಲ್ಲ ಎಂಬುದಕ್ಕೆ ವಿಜಯನಗರದ ತುಳುವ ನರಸನಾಯಕನ ರಾಣಿ ತಿಪ್ಪಾಂಬೆಯೇ ಸಾಕ್ಷಿ.

ಹಾಗೆಂದು ಇಂಥ ಪ್ರತಿಯೊಂದು ಹೆಸರನ್ನೂ ಮಗುವಿನ ಸಾವಿಗೆ ಜೋಡಿಸುವುದು ಸರಿಯಲ್ಲ. ಚಿತ್ರದುರ್ಗ ಸೀಮೆಯಲ್ಲಿ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಒಕ್ಕಲುಗಳು ಭಕ್ತಿಯಿಂದಲೇ ತಿಪ್ಪೇಸ್ವಾಮಿ ಎಂದು ಹೆಸರಿಡುತ್ತಾರೆ; ಗದಗ ಜಿಲ್ಲೆಯ ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ನಡೆದುಕೊಳ್ಳುವ ಲಿಂಗಾಯತ ಮನೆಗಳಲ್ಲಿ ಫಕೀರಪ್ಪ, ಫಕೀರವ್ವ ಎಂಬ ಹೆಸರುಗಳು ಸಹಜ. ಆದ್ದರಿಂದ ಮನೆದೇವರು ಯಾವುದೆಂದು ಮೊದಲು ಕೇಳಬೇಕಾಗುತ್ತದೆ.

ಅಂಥ ಮನೆದೇವರಿಲ್ಲದ ಕಡೆ ತಿಪ್ಪಣ್ಣ ಎಂಬ ಹೆಸರು ಬೇರೆಲ್ಲೂ ಸಿಗದ ಸಂಗತಿಯನ್ನು ತಿಳಿಸಬಲ್ಲದು. 20ನೇ ಶತಮಾನದ ಆರಂಭದಲ್ಲಿ ಭಾರತದಲ್ಲಿ ಹುಟ್ಟಿದ ಸುಮಾರು 5 ಶಿಶುಗಳಲ್ಲಿ ಒಂದು, ವರ್ಷ ತುಂಬುವ ಮೊದಲೇ ಸಾಯುತ್ತಿತ್ತು. ಜನನ ಮರಣಗಳ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾಯ್ದೆ ಬಂದದ್ದು 1969ರಲ್ಲಿ. ವಂಶಾವಳಿಯಲ್ಲಾದರೋ ಬದುಕಿ ಮನೆತನವನ್ನು ಮುಂದುವರಿಸಿದವರಿಗೇ ಮುಖ್ಯ ಸ್ಥಾನ. ತೊಟ್ಟಿಲಲ್ಲೇ ಹೋದ ಅಣ್ಣ ಅಕ್ಕಂದಿರು ಇದ್ದರೆಂಬುದಕ್ಕೆ ಬದುಕುಳಿದ ತಮ್ಮನ ಹೆಸರೊಂದೇ ಎಷ್ಟೋ ಮನೆಗಳಲ್ಲಿ ಕುರುಹು. ಮಕ್ಕಳನ್ನು ಶಾಲೆಗೆ ಸೇರಿಸುವಾಗ ತಿಪ್ಪಣ್ಣನನ್ನು ತಿಪ್ಪೇಶನೆಂದೋ ಬೇರೆ ಹೆಸರಿನಿಂದಲೋ ಬರೆಸಿದ ಕಡೆ ಆ ಕುರುಹೂ ಮಸುಕಾಗಿದೆ. ಹೀಗಾಗಿ ಶಾಲಾ ದಾಖಲೆಯನ್ನು ಹೆಳವರ ಹೊತ್ತಿಗೆಯ ಜೊತೆಗಿಟ್ಟು, ಒಡಹುಟ್ಟಿದವರ ವಯಸ್ಸಿನ ನಡುವಿನ ದೀರ್ಘ ಅಂತರಗಳನ್ನು ಗಮನಿಸುತ್ತ ಓದಬೇಕಾಗುತ್ತದೆ.